ಕಣ್ಣು ತುರಿಕೆಗೆ ಯಾವ ಹನಿ?

ಬದಿಯಡ್ಕದ ಭಾವ ಕೇಳಿದ್ದು: ಅಡಿಕೆ ಸುಲಿಯುವಾಗ ಕಣ್ಣು ಕೆಂಪಾಗಿ ತುರಿಸುತ್ತದೆ, ಒಲೋಪಟಡಿನ್ ತರಲೋ ಕ್ರೋಮೋಗ್ಲೈಕೇಟ್ ತರಲೋ?

ಈಗಲೇ ತುರಿಸುತ್ತಿದ್ದರೆ ಒಲೋಪಟಡಿನ್. ಕೆಲವೇ ನಿಮಿಷಗಳಲ್ಲಿ ತುರಿಕೆ ತಗ್ಗುತ್ತದೆ, ಶೇಕಡಾ 0.1ರದ್ದು ದಿನಕ್ಕೆ ಎರಡು ಸಲ, 0.2ರದ್ದು ಒಂದೇ ಸಲ. ಕ್ರೋಮೋಗ್ಲೈಕೇಟ್ ನಿಧಾನ. ತುರಿಕೆ ಹುಟ್ಟಿಸುವ ಹಿಸ್ಟಮಿನ್ ಎಂಬ ವಸ್ತು ಹೊರಬರದಂತೆ ತಡೆಯುವ ಮದ್ದು ಅದು, ಹಾಗಾಗಿ ಸುಲಿಯುವ ಕೆಲಸಕ್ಕೆ ಒಂದೆರಡು ವಾರ ಮೊದಲೇ ಶುರು ಮಾಡಿ ದಿನಕ್ಕೆ ನಾಲ್ಕು ಸಲ ಬಿಡಬೇಕು. ಅಂಗಳದಲ್ಲಿ ಮೈಯೆಲ್ಲ ಧೂಳಾಗಿರುವಾಗ ನಾಲ್ಕು ಸಲ ಕೈ ತೊಳೆದು ಹನಿ ಬಿಡುವವರು ಯಾರು! ಪ್ರತಿವರ್ಷ ಅದೇ ತಿಂಗಳಲ್ಲಿ ಕಾಟ ಪಡುವ, ತಪ್ಪದೆ ಹನಿ ಹಾಕಿಕೊಳ್ಳುವವರಿಗೆ ಕ್ರೋಮೋಗ್ಲೈಕೇಟೇ ಸರಿ.

ಬರೀ ಧೂಳಿನ ಉರಿಯಾದರೆ ಕೃತಕ ಕಣ್ಣೀರಿನ ಹನಿಯೇ ಸಾಕಾದೀತು. ಸ್ಟೆರಾಯ್ಡ್ ಹನಿ ಮಾತ್ರ ಅಂಗಡಿಯಲ್ಲಿ ಕೇಳಿ ತರಬೇಡಿ. ಕಣ್ಣಿನ ಒತ್ತಡ ಏರಬಹುದು. ನೋವಿದ್ದರೆ, ದೃಷ್ಟಿ ಮಂಜಾದರೆ ನೇರ ಡಾಕ್ಟರರಲ್ಲಿಗೆ.