ಕಚೇರಿಯ ದಾರಿಯಲ್ಲಿ 600 ಸಿಸಿ ಸ್ಪೋರ್ಟ್ಸ್ ಬೈಕು: ಎರಡು ವರ್ಷಗಳ ಬಳಕೆಯ ನಂತರ

ಎರಡು ವರ್ಷಗಳಿಂದ, ವಾರಕ್ಕೆ ನಾಲ್ಕೈದು ದಿನ, ಹೋಗಿಬರುವ ದಾರಿ ಸೇರಿ ದಿನಕ್ಕೆ ಸುಮಾರು 36 ಕಿಲೋಮೀಟರ್ ನಾನು ಓಡಿಸುತ್ತಿರುವುದು ನಾಲ್ಕು ಸಿಲಿಂಡರಿನ, 599 ಸಿಸಿಯ ಒಂದು ಸ್ಪೋರ್ಟ್ಸ್ ಬೈಕು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಹೊರಟಿರುವುದು ಈ ವರ್ಗಕ್ಕೇ ಅನ್ವಯಿಸುವ ಮಾತು. ಯಮಹಾ ಆರ್6, ಹೋಂಡಾ ಸಿಬಿಆರ್600ಆರ್‌ಆರ್, ಸುಜುಕಿ ಜಿಎಸ್‌ಎಕ್ಸ್-ಆರ್600, ಈ ಮೂರರ ಇತ್ತೀಚಿನ ತಲೆಮಾರುಗಳಲ್ಲೂ ಸಿಲಿಂಡರಿನ ವ್ಯಾಸ 67 ಮಿಲಿಮೀಟರ್, ಪಿಸ್ಟನ್ ಮೇಲೆಕೆಳಗೆ ಓಡಾಡುವ ದೂರ 42.5 ಮಿಲಿಮೀಟರ್. ಬಣ್ಣ ಬೇರೆ, ಬ್ಯಾಡ್ಜು ಬೇರೆ, ಲೆಕ್ಕಾಚಾರ ಮಾತ್ರ ಒಂದೇ. ಇಂಥ ಬೈಕುಗಳ ವಿಮರ್ಶೆಯನ್ನು ಸಾಮಾನ್ಯವಾಗಿ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಬರೆಯುತ್ತಾರೆ. ನನ್ನದು ಸಿಗ್ನಲ್ಲುಗಳಲ್ಲಿ ಕಾದು ನಿಂತು ಬರೆದದ್ದು.

ಈ ಬೈಕಿಗೆ ಶಕ್ತಿ ಹೆಚ್ಚಾಯಿತು, ಆದ್ದರಿಂದ ಊರೊಳಗೆ ಕಷ್ಟ ಎಂದು ಹೇಳುವವರೇ ಹೆಚ್ಚು. ನನ್ನ ಅನುಭವದಲ್ಲಿ ಶಕ್ತಿಯಿಂದ ಒಂದು ದಿನವೂ ತೊಂದರೆಯಾಗಿಲ್ಲ. ತೊಂದರೆಯ ಬೇರು ಇರುವುದು ಗಾಳಿಯಲ್ಲಿ. ಈ ಯಂತ್ರವನ್ನು ರೂಪಿಸಿದವರು ಎದುರಿನಿಂದ ಸದಾ ಗಾಳಿ ಬೀಸುತ್ತಿರುತ್ತದೆ ಎಂದು ನಂಬಿ ಕೆಲಸ ಮಾಡಿದ್ದಾರೆ. ರೇಡಿಯೇಟರನ್ನು ತಂಪಾಗಿಡುವುದು ಆ ಗಾಳಿ, ಫೇರಿಂಗಿನ, ಅಂದರೆ ಬೈಕಿನ ಮುಂಭಾಗವನ್ನೂ ಪಕ್ಕಗಳನ್ನೂ ಮುಚ್ಚುವ ಹೊದಿಕೆಯ, ಮೂತಿಯಲ್ಲಿರುವ ಕಿಂಡಿಯ ಮೂಲಕ ಎಂಜಿನ್ನಿಗೆ ಉಸಿರು ತುಂಬುವುದು ಆ ಗಾಳಿ, ಮುಂದಕ್ಕೆ ಬಾಗಿದ ಸವಾರನ ಎದೆಯನ್ನು ಎತ್ತಿ ಹಿಡಿದು ಅವನ ಕೈಗಳ ಭಾರವನ್ನು ಇಳಿಸುವುದೂ ಅದೇ ಗಾಳಿ. ಬೆಳಗಿನ ಒಂಬತ್ತು ಗಂಟೆಯ ದಟ್ಟಣೆಯಲ್ಲಿ ಇಲ್ಲದಿರುವುದು ಅದೊಂದೇ.

ಮೊದಲು ಬಿಸಿಯ ವಿಷಯ. ತೆರೆದ ದಾರಿಯಲ್ಲಿ ಎಂಬತ್ತರ ಆಸುಪಾಸಿನಲ್ಲಿರುವ ಕೂಲಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ತಾಪಮಾನ, ಎರಡು ಸಿಗ್ನಲ್ಲುಗಳ ನಡುವೆ ತೆವಳುವಾಗ ನೂರು ಡಿಗ್ರಿಯನ್ನು ಮುಟ್ಟುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಲಾರಂಭಿಸುತ್ತದೆ. ಇದನ್ನು ಮೊದಲ ಸಲ ಕಂಡವರು ಗಾಬರಿಯಾಗುವುದು ಸಹಜ, ಆದರೆ ಗಾಬರಿಗೆ ಕಾರಣವಿಲ್ಲ; ಕೂಲಂಟು ನೀರಿನಲ್ಲಿ ಬೆರೆತಿರುವುದರಿಂದಲೂ ರೇಡಿಯೇಟರಿನ ಮುಚ್ಚಳ ಅದನ್ನು ಒತ್ತಡದಲ್ಲಿ ಹಿಡಿದಿಡುವುದರಿಂದಲೂ ಅದು ನೂರು ದಾಟಿದರೂ ಕುದಿಯುವುದಿಲ್ಲ. ಎಂಜಿನ್ ತಡೆದುಕೊಳ್ಳುತ್ತದೆ, ತಡೆದುಕೊಳ್ಳಲಾರದವನು ಸವಾರ. ಫ್ಯಾನು ಹೊರಗೆಸೆದ ಬಿಸಿಗಾಳಿ ಫೇರಿಂಗಿನ ಒಳಮೈ ಹಿಡಿದು ಬಂದು ಮೊಣಕಾಲಿಗೂ ಮೀನಖಂಡಕ್ಕೂ ಬಡಿಯುತ್ತದೆ, ಎಂಜಿನ್ನಿನ ಎರಡು ಪಕ್ಕಗಳನ್ನೂ ತಬ್ಬಿಕೊಂಡಿರುವ ಅಲ್ಯುಮಿನಿಯಮ್ ಚೌಕಟ್ಟು ಕಾದು ಅದರ ಬಿಸಿ ತೊಡೆಯ ಒಳಭಾಗಕ್ಕೆ ನೇರವಾಗಿ ತಾಗುತ್ತದೆ. ತೆಳುವಾದ ಪ್ಯಾಂಟು ತೊಟ್ಟು ಹೋದ ದಿನ ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತ ನಂತರವೂ ಚರ್ಮ ಚುರುಗುಟ್ಟುತ್ತಿತ್ತು. ಈಗ ಸವಾರಿಗೆಂದೇ ದಪ್ಪನೆಯ ಪ್ಯಾಂಟು ತೊಟ್ಟು ಹೋಗಿ, ಕಚೇರಿಯಲ್ಲಿ ಬದಲಾಯಿಸುತ್ತೇನೆ. ದೀರ್ಘ ಸಿಗ್ನಲ್ಲುಗಳಲ್ಲಿ ಎಂಜಿನ್ ಆರಿಸುವುದು ಕೂಡ ಉಪಯುಕ್ತ ಅಭ್ಯಾಸವೇ, ಆದರೆ ಆರಿಸಿದ ಕ್ಷಣ ಕೂಲಂಟಿನ ಹರಿವೂ ನಿಲ್ಲುವುದರಿಂದ ಅರ್ಧ ನಿಮಿಷದ ಕಾಯುವಿಕೆಗಾಗಿ ಹಾಗೆ ಮಾಡುವುದರಲ್ಲಿ ಲಾಭ ಕಾಣಲಿಲ್ಲ.

ಮಣಿಕಟ್ಟಿನ ನೋವು ಎರಡನೆಯದು. ಇದರ ಹ್ಯಾಂಡಲ್ ಒಂದೇ ಉದ್ದನೆಯ ಕೊಳವೆಯಲ್ಲ. ಮುಂದಿನ ಫೋರ್ಕಿನ ಎರಡು ಕಾಲುಗಳಿಗೆ ಬೇರೆಬೇರೆಯಾಗಿ ಬಿಗಿದ, ಸೀಟಿಗಿಂತ ಹೆಚ್ಚೇನೂ ಎತ್ತರದಲ್ಲಿಲ್ಲದ ಎರಡು ತುಂಡುಗಳು. ಸೀಟಿನ ಎತ್ತರ ಸುಮಾರು 850 ಮಿಲಿಮೀಟರ್, ಕಾಲಿಡುವ ಜಾಗವೂ ಮೇಲಕ್ಕೆ ಮತ್ತು ಹಿಂದಕ್ಕೆ. ಹೀಗೆ ಕುಳಿತಾಗ ಸೊಂಟದಿಂದ ಮೇಲಿನ ಮೈಯ ಭಾರ ಎಲ್ಲಿಗೆ ಹೋಗಬೇಕು? ನೂರು ಕಿಲೋಮೀಟರ್ ವೇಗದಲ್ಲಿ ಗಾಳಿ ಅದರಲ್ಲಿ ಒಂದು ಪಾಲನ್ನು ಹೊರುತ್ತದೆ, ಹದಿನೈದು ಕಿಲೋಮೀಟರ್ ವೇಗದಲ್ಲಿ ಅಷ್ಟನ್ನೂ ಅಂಗೈಗಳೇ ಹೊರಬೇಕು. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಹೊಟ್ಟೆ ಮತ್ತು ಸೊಂಟದ ಸ್ನಾಯುಗಳ ಬಲದಿಂದ ಮೈಯನ್ನು ನಿಲ್ಲಿಸಿಕೊಳ್ಳಬೇಕೆಂದು ಬಲ್ಲವರು ಹೇಳುವುದು ಸರಿಯೇ. ಟ್ಯಾಂಕಿನ ಪಕ್ಕಗಳಿಗೆ ರಬ್ಬರಿನ ಹಿಡಿತಪಟ್ಟಿ ಅಂಟಿಸಿದ ಮೇಲೆ ನನಗೂ ಅದು ಸಾಧ್ಯವಾಯಿತು. ಆದರೆ ನಿಮಿಷಕ್ಕೆ ಮೂರು ಬಾರಿ ನಿಂತು ಪಾದವನ್ನು ನೆಲಕ್ಕೆ ಊರುವಾಗಲೆಲ್ಲ ಮೊಣಕಾಲು ಟ್ಯಾಂಕನ್ನು ಬಿಡಲೇಬೇಕಾಗುತ್ತದೆ, ಭಾರ ಮತ್ತೆ ಕೈಗೆ ಬರುತ್ತದೆ. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲವಿದ್ದರೆ ಅದರ ಭಾರವೂ ಜೊತೆಗೆ. ಚೀಲವನ್ನು ಹಿಂಬದಿಯ ಸೀಟಿಗೆ ಕಟ್ಟಿದ ದಿನವೇ ನೋವು ಅರ್ಧಕ್ಕಿಳಿಯಿತು. ಇಷ್ಟು ಸರಳವಾದ ಉಪಾಯ ಹೊಳೆಯಲು ನನಗೆ ಐದು ತಿಂಗಳು ಹಿಡಿಯಿತು.

ಇನ್ನು ಮೊದಲನೆಯ ಗೇರು. ಈ ಬೈಕು ಅದೊಂದರಲ್ಲೇ ಗಂಟೆಗೆ 120 ಕಿಲೋಮೀಟರ್ ಮುಟ್ಟಬಲ್ಲದು. ಟ್ರ್ಯಾಕಿನಲ್ಲಿ ಮೊದಲನೆಯ ಗೇರು ಬೇಕಾಗುವುದೇ ಓಟದ ಆರಂಭಕ್ಕೂ ಒಂದೆರಡು ಕಿರಿದಾದ ತಿರುವುಗಳಿಗೂ ಆದ್ದರಿಂದ ಅಲ್ಲಿ ಅದು ಗುಣ. ನಗರದಲ್ಲಿ ಅದೇ ದೋಷ. ಕ್ಲಚ್ಚನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನು ಮುಟ್ಟದೆ ಇದ್ದರೂ ಬೈಕು ಸುಮಾರು ಹತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಮುಂದಿನ ವಾಹನ ಹೋಗುತ್ತಿರುವುದು ಐದರಲ್ಲಿ. ಹಾಗಾಗಿ ದಟ್ಟಣೆಯ ಅಷ್ಟು ದೂರವನ್ನೂ ಹಾಫ್ ಕ್ಲಚ್ಚಿನಲ್ಲಿಯೇ ಕಳೆಯಬೇಕು. ಕ್ಲಚ್ಚಿನ ಫಲಕಗಳು ಎಣ್ಣೆಯಲ್ಲಿ ಮುಳುಗಿರುವುದರಿಂದ ಒಂದಷ್ಟು ತಾಳಿಕೊಳ್ಳುತ್ತವೆ, ಎಡಗೈಯ ಬೆರಳುಗಳಿಗೆ ಆ ಅನುಕೂಲವಿಲ್ಲ. ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ದೊರೆಯುವುದು ನಿಮಿಷಕ್ಕೆ 10,000 ಸುತ್ತುಗಳನ್ನು ದಾಟಿದ ಮೇಲೆ, ಕಚೇರಿಯ ದಾರಿಯಲ್ಲಿ ನಾನು ಎರಡರಿಂದ ನಾಲ್ಕು ಸಾವಿರ ಸುತ್ತುಗಳ ನಡುವೆಯೇ ಇರುತ್ತೇನೆ. ಅಲ್ಲಿ ಈ ಎಂಜಿನ್ ಸೌಮ್ಯ ಮಾತ್ರವಲ್ಲ, ಸ್ವಲ್ಪ ಸಪ್ಪೆಯೂ ಹೌದು. ಕವಾಸಾಕಿಯವರು ತಮ್ಮ ಜಡ್‌ಎಕ್ಸ್-6ಆರ್ ಬೈಕಿನಲ್ಲಿ 67 ಮಿಲಿಮೀಟರ್ ವ್ಯಾಸವನ್ನೇ ಉಳಿಸಿಕೊಂಡು ಪಿಸ್ಟನ್ನಿನ ಓಡಾಟವನ್ನು 45.1 ಮಿಲಿಮೀಟರಿಗೆ ಹಿಗ್ಗಿಸಿ 636 ಸಿಸಿ ಮಾಡಿರುವುದಕ್ಕೆ, ರಸ್ತೆಯಲ್ಲಿ ಬಳಕೆಗೆ ಬರುವ ನಡುವಿನ ಸುತ್ತುಗಳಲ್ಲಿ ಬಲ ಹೆಚ್ಚಲಿ ಎಂಬುದೇ ಕಾರಣ. ನನ್ನ ಪರಿಹಾರ ಅದಕ್ಕಿಂತ ಅಗ್ಗದ್ದು: ಚೈನನ್ನು ಓಡಿಸುವ ಹಲ್ಲುಚಕ್ರಗಳಲ್ಲಿ ಮುಂದಿನದನ್ನು, ಅಂದರೆ ಮುಂದಿನ ಸ್ಪ್ರಾಕೆಟ್ಟನ್ನು, 16 ಹಲ್ಲಿನದರಿಂದ 15 ಹಲ್ಲಿನದಕ್ಕೆ ಬದಲಾಯಿಸಿದೆ. ಎಲ್ಲ ಗೇರುಗಳೂ ಸುಮಾರು ಶೇಕಡಾ ಆರರಷ್ಟು ಗಿಡ್ಡವಾದವು, ಅಂದರೆ ಎಂಜಿನ್ ಅಷ್ಟೇ ಸುತ್ತು ತಿರುಗಿದರೂ ಬೈಕು ಅಷ್ಟು ನಿಧಾನವಾಗಿ ಓಡುತ್ತದೆ. ವೇಗವನ್ನು ಗೇರ್‌ಬಾಕ್ಸಿನಿಂದ ಅಳೆಯುವ ಬೈಕುಗಳಲ್ಲಿ ಸ್ಪೀಡೋಮೀಟರ್ ಇದಾದ ಮೇಲೆ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ ಎಂಬುದು ನೆನಪಿರಲಿ.

ಈ ಬೈಕು ಬಿದ್ದದ್ದು ಒಮ್ಮೆ ಮಾತ್ರ, ಅದೂ ವಾಹನ ನಿಲ್ಲಿಸುವ ಜಾಗದಲ್ಲಿ, ನಡಿಗೆಗಿಂತ ನಿಧಾನವಾಗಿ ಹೋಗುತ್ತಿದ್ದಾಗ. ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಿದ್ದೆ, ಎದುರಿಗೆ ಯಾರೋ ಬಂದರೆಂದು ಅಭ್ಯಾಸಬಲದಿಂದ ಮುಂದಿನ ಬ್ರೇಕನ್ನು ಒತ್ತಿದೆ. ಮುಂದಿನ ಚಕ್ರ ತಿರುಗಿ ನಿಂತಿರುವಾಗ ಆ ಬ್ರೇಕು ಬೈಕನ್ನು ನಿಲ್ಲಿಸುವ ಬದಲು ಪಕ್ಕಕ್ಕೆ ಕೆಡವುತ್ತದೆ. ತಪ್ಪು ಪೂರ್ಣವಾಗಿ ನನ್ನದೇ. ಆದರೆ ಅದಕ್ಕೆ ದಾರಿ ಮಾಡಿಕೊಡುವುದು ಈ ಬೈಕಿನ ಹ್ಯಾಂಡಲ್ ತಿರುಗುವ ಅತಿ ಕಡಿಮೆ ಕೋನ. ಸಾಧಾರಣ ಬೈಕು ಒಂದೇ ಸುತ್ತಿಗೆ ತಿರುಗಿ ಹೊರಡುವ ಜಾಗದಲ್ಲಿ ಇದನ್ನು ಮುಂದೆ ತಳ್ಳಿ, ಹಿಂದೆ ಎಳೆದು, ಮತ್ತೆ ಮುಂದೆ ತಳ್ಳಬೇಕು. ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಹ್ಯಾಂಡಲಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಳ್ಳುವುದುಂಟು. ಸುಮಾರು 190 ಕಿಲೋ ತೂಕ ಹೇಳಿಕೊಳ್ಳುವಂಥದ್ದೇನೂ ಅಲ್ಲ, ಆದರೂ ಒಂದು ಹಂತಕ್ಕಿಂತ ವಾಲಿದ ಮೇಲೆ ಅದನ್ನು ಹಿಡಿದು ನಿಲ್ಲಿಸಲು ನನ್ನಿಂದಾಗಲಿಲ್ಲ. ಬ್ರೇಕಿನ ಲಿವರ್ ಮುರಿಯಿತು, ಫೇರಿಂಗ್ ಬಿರುಕು ಬಿಟ್ಟಿತು. ನಿಂತಲ್ಲೇ ಬಿದ್ದರೂ ಇಂಥ ಬೈಕಿನಲ್ಲಿ ಖರ್ಚು ತಪ್ಪದು.

ದಟ್ಟಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ನೋಟ, ಬಾಗಿ ಕೂರುವ ಭಂಗಿ ಅದನ್ನೇ ಕಸಿಯುತ್ತದೆ. ನೇರ ಕುಳಿತ ಸ್ಕೂಟರ್ ಸವಾರನಿಗೆ ಮೂರು ಕಾರುಗಳಾಚೆ ಕೆಂಪು ದೀಪ ಹೊತ್ತಿಕೊಂಡದ್ದು ಕಾಣುವಾಗ ನನಗೆ ಕಾಣುವುದು ಎದುರಿನ ಕಾರಿನ ಹಿಂಬದಿಯ ಗಾಜು. ಕತ್ತೆತ್ತಿ ನೋಡುತ್ತಲೇ ಇರಬೇಕಾದ್ದರಿಂದ ಸಂಜೆಯ ಹೊತ್ತಿಗೆ ಕತ್ತಿನ ಬುಡ ಬಿಗಿಯುತ್ತದೆ. ಕನ್ನಡಿಗಳಲ್ಲಿ ಅರ್ಧ ಭಾಗ ನನ್ನ ಮೊಣಕೈಗಳೇ. ಕಾನೂನು ಒಪ್ಪುವ ಕಡೆ ನಿಂತ ವಾಹನಗಳ ನಡುವೆ ನುಸುಳಿ ಮುಂದೆ ಹೋಗಬಹುದಾದರೂ, ಹ್ಯಾಂಡಲ್ ಕಿರಿದಾಗಿದ್ದರೂ ಫೇರಿಂಗಿನಿಂದ ಚಾಚಿಕೊಂಡ ಆ ಕನ್ನಡಿಗಳು ಕಾರುಗಳ ಕನ್ನಡಿಗಳಿಗೆ ತಾಗುವ ಭಯ ಇದ್ದೇ ಇರುತ್ತದೆ.

ಇಷ್ಟು ದೂರಿದ ಮೇಲೆ ಬ್ರೇಕುಗಳ ವಿಷಯದಲ್ಲಿ ನ್ಯಾಯ ಹೇಳಬೇಕು. ಮುಂದೆ ಎರಡು ದೊಡ್ಡ ಡಿಸ್ಕುಗಳು, ಜೊತೆಗೆ ಬ್ರೇಕು ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್; ಎರಡು ಬೆರಳು ಸಾಕು. ಒಮ್ಮೆ ನಿಂತ ಬಸ್ಸಿನ ಮುಂದಿನಿಂದ ಒಬ್ಬ ಹುಡುಗ ಓಡಿಬಂದಾಗ ಬೈಕು ನಾನು ಊಹಿಸಿದ್ದಕ್ಕಿಂತ ಎಷ್ಟೋ ಮೊದಲೇ, ಬಾಲ ಅಲುಗಿಸದೆ ನಿಂತಿತು. ಆ ಸಂಜೆ ಮಣಿಕಟ್ಟಿನ ಬಗ್ಗೆ ನನಗೆ ದೂರಿರಲಿಲ್ಲ. ಲೇನ್ ಬದಲಿಸುವಾಗ ಮನಸ್ಸು ಮಾಡಿದೊಡನೆ ಮೂತಿ ಹೊರಳುವ ಚುರುಕು, ಖಾಲಿ ಜಾಗಕ್ಕೆ ಸೇರಿಕೊಳ್ಳಲು ಬೇಕಾದ ಪಿಕಪ್ಪು, ಇವೂ ಸಣ್ಣ ಗುಣಗಳಲ್ಲ.

ಉಳಿದವು ಚುಟುಕಾಗಿ ಹೇಳಬಹುದಾದವು. ಲೀಟರಿಗೆ ನನಗೆ ಸಿಗುವುದು ಹದಿನಾರು ಹದಿನೇಳು ಕಿಲೋಮೀಟರ್. ಹಿಂದಿನ ಟೈರು ನೇರ ದಾರಿಯಲ್ಲೇ ಓಡಿ ನಟ್ಟನಡುವೆ ಚಪ್ಪಟೆಯಾಗುತ್ತದೆ, ಅಂಚುಗಳು ಮಾತ್ರ ಹೊಸದರಂತೆಯೇ ಉಳಿದಿರುತ್ತವೆ. ಟ್ರ್ಯಾಕಿಗೆಂದು ಮಾಡಿದ ಮೆದು ಟೈರುಗಳು ಊರಿನ ವೇಗದಲ್ಲಿ ಬಿಸಿಯೇರುವುದಿಲ್ಲ, ಬಿಸಿಯೇರದೆ ಹಿಡಿತ ಕೊಡುವುದಿಲ್ಲ. ಪ್ರವಾಸಕ್ಕೆಂದು ಮಾಡಿದ ಟೈರು ಹಾಕಿಸುವುದೇ ಮಳೆಗಾಲಕ್ಕೂ ಒಳ್ಳೆಯದು. ಹಿಂಬದಿಯ ಸೀಟನ್ನು ಸೀಟೆಂದು ಕರೆಯುವುದು ಸೌಜನ್ಯದ ಮಾತು.

ದಿನವೂ ಕಚೇರಿಗೆ ಹೋಗಲೆಂದೇ ಸ್ಪೋರ್ಟ್ಸ್ ಬೈಕು ಕೊಳ್ಳುವವರು ನನ್ನನ್ನು ಕೇಳಿದರೆ, ಎರಡು ಸಿಲಿಂಡರಿನ, ಹ್ಯಾಂಡಲ್ ಎತ್ತರಕ್ಕಿರುವ ಯಂತ್ರವನ್ನು ನೋಡಿ ಎನ್ನುತ್ತೇನೆ. ಕವಾಸಾಕಿ ನಿಂಜಾ 650 ಆ ಬಗೆಯದು: 649 ಸಿಸಿ, ನೋಟಕ್ಕೆ ಪೂರ್ತಿ ಫೇರಿಂಗು, ಕೂರಲು ಮಾತ್ರ ಬಹುಮಟ್ಟಿಗೆ ನೆಟ್ಟಗಿನ ಭಂಗಿ, ಕೆಳಗಿನ ಸುತ್ತುಗಳಲ್ಲೇ ಸಿಗುವ ಬಲ. ನಾನು ನನ್ನದನ್ನು ಮಾರಿಲ್ಲ. ಬೆಳಗಿನ ಪಾಳಿಯಿರುವ ವಾರಗಳಲ್ಲಿ ಐದೂವರೆಗೆ ಹೊರಟರೆ ದಾರಿಯ ಕೊನೆಯ ಆರು ಕಿಲೋಮೀಟರ್ ಖಾಲಿಯಿರುತ್ತದೆ, ಅಲ್ಲಿ ಗಾಳಿ ಎದೆಗೆ ಒರಗಿ ಕೈಗಳು ಹಗುರಾಗುತ್ತವೆ, ತಾಪಮಾನದ ಅಂಕಿ ಎಂಬತ್ತಕ್ಕೆ ಇಳಿದು ನಿಲ್ಲುತ್ತದೆ. ಸಾಮಾನ್ಯ ಪಾಳಿಯ ವಾರಗಳಲ್ಲಿ, ಈಚೀಚೆಗೆ, ಮನೆಯಲ್ಲಿರುವ 110 ಸಿಸಿ ಸ್ಕೂಟರಿನ ಕೀಲಿ ತೆಗೆದುಕೊಂಡು ಹೊರಡುತ್ತೇನೆ. ತಲುಪುವ ಹೊತ್ತಿನಲ್ಲಿ ಮೂರು ನಿಮಿಷಗಳ ವ್ಯತ್ಯಾಸವೂ ಬಂದಿಲ್ಲ.