ಜೊಂಡಿನ ಹಕ್ಕಿಗೆ ಬೈನಾಕ್ಯುಲರೋ, ಝೂಮ್ ಕ್ಯಾಮೆರಾನೋ?

ಮೈಸೂರಿನ ಲಿಂಗಾಂಬುಧಿಯಂಥ ಕೆರೆಗೆ ಜೊಂಡಿನ ಹಕ್ಕಿ ನೋಡಲು ಹೋಗುವವರು, ಎರಡರಲ್ಲಿ ಒಂದನ್ನಷ್ಟೇ ಕೊಳ್ಳಲಾಗುವುದಾದರೆ, ಮೊದಲು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ತೆಗೆದುಕೊಳ್ಳಿ. 10×42 ಹತ್ತಿರ ತೋರಿಸುತ್ತದೆ, ನಿಜ. ಆದರೆ ಕೈನಡುಕವೂ ಹೆಚ್ಚು ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ಚಿತ್ರವೂ ಮಂಕು. ಈ ಹಕ್ಕಿಗಳು ಹೆಚ್ಚಾಗಿ ಹೊರಬರುವುದೇ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಕೊಕ್ಕರೆ ಜಾತಿಯ ಪುಟ್ಟ ಹಕ್ಕಿ ಹಳದಿ ಬಿಟರ್ನ್ ಕೊಕ್ಕು ಮೇಲೆತ್ತಿ, ಕುತ್ತಿಗೆಯ ಗೆರೆಗಳನ್ನು ಜೊಂಡಿನ ದಂಟುಗಳಲ್ಲಿ ಬೆರೆಸಿ ನಿಂತುಬಿಟ್ಟರೆ, ಎರಡು ಕಣ್ಣಿಂದ ನಿಧಾನವಾಗಿ ದಂಟು ದಂಟು ಹುಡುಕಬೇಕು. ಕ್ಯಾಮೆರಾದ ಆಟೋಫೋಕಸ್ ಅಲ್ಲಿ ಮುಂದಿನ ಹುಲ್ಲನ್ನೇ ಹಿಡಿಯುತ್ತದೆ. ನನಗಂತೂ ಹಾಗೆ ಎಷ್ಟೋ ಹಕ್ಕಿ ತಪ್ಪಿವೆ.

ಕ್ಯಾಮೆರಾ ಗೆಲ್ಲುವುದು ಸ್ನೈಪ್ ಎಂಬ ಉದ್ದ ಕೊಕ್ಕಿನ ಕೆಸರುಹಕ್ಕಿಯ ವಿಷಯದಲ್ಲಿ. ಕಾಲಬುಡದಿಂದ ಚಂಗನೆ ಎದ್ದು ಹಾರಿದ್ದು ಸಾಮಾನ್ಯ ಸ್ನೈಪೋ, ಅದರದೇ ಬಳಗದ ಪಿನ್‌ಟೇಲ್ ಸ್ನೈಪೋ? ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಎದ್ದು ಕಾಣುವ ಬಿಳಿ ಪಟ್ಟಿ ಇದ್ದರೆ ಸಾಮಾನ್ಯ ಸ್ನೈಪ್. ಅದಿಲ್ಲದೆ ರೆಕ್ಕೆಯ ಕೆಳಭಾಗ ಪೂರ್ತಿ ದಟ್ಟ ಗೆರೆಗಳಿಂದ ಕಪ್ಪಗೆ ಕಂಡರೆ ಬಹುಶಃ ಪಿನ್‌ಟೇಲ್. ಕಣ್ಣಿಗೆ ಸಿಗುವುದು ಎರಡು ಕ್ಷಣ, ಫೋಟೋವನ್ನು ಮನೆಗೆ ಬಂದು ಹಿಗ್ಗಿಸಿ ನೋಡಬಹುದು.

ತೂಕ, ಬೆಲೆ ಎರಡರಲ್ಲೂ ಸಾಮಾನ್ಯವಾಗಿ ಬೈನಾಕ್ಯುಲರ್ ಹಗುರ. ಮೊದಲ ಚಳಿಗಾಲ ಅದರಲ್ಲೇ ಕಳೆಯಿರಿ. ಸ್ನೈಪ್ ಕಾಡತೊಡಗಿದರೆ ಕ್ಯಾಮೆರಾ ನೋಡೋಣ.