ಹನ್ನೊಂದು ವರ್ಷದ ಟೈಮ್‌ಶೇರ್: 77 ರಾತ್ರಿಗೆ ದುಡ್ಡು ಕೊಟ್ಟು 46 ರಾತ್ರಿ ಉಳಿದ ಲೆಕ್ಕ

2014ರ ಫೆಬ್ರವರಿಯಲ್ಲಿ ನಾವು 25 ವರ್ಷದ ಹಾಲಿಡೇ ಮೆಂಬರ್‌ಶಿಪ್ ತೆಗೆದುಕೊಂಡೆವು. ಟೈಮ್‌ಶೇರ್ ಎನ್ನುವುದು ಇದನ್ನೇ: ಮೊದಲೇ ದುಡ್ಡು ಕಟ್ಟಿ, ಪ್ರತಿ ವರ್ಷ ಇಷ್ಟು ರಾತ್ರಿ ಅಂತ ಕಂಪನಿಯ ರಿಸಾರ್ಟ್‌ಗಳಲ್ಲಿ ಉಳಿಯುವುದು. ವರ್ಷಕ್ಕೆ ಏಳು ರಾತ್ರಿ, ಒಂದು ಬೆಡ್‌ರೂಮಿನ ಮನೆ, ಬಿಳಿ ಸೀಸನ್ (ಅಂದರೆ ಬೇಡಿಕೆ ಮಧ್ಯಮವಾಗಿರುವ ದಿನಗಳು). 2025ರ ಫೆಬ್ರವರಿಗೆ ಹನ್ನೊಂದು ವರ್ಷ ತುಂಬಿತು. ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಈ ಪದ್ಧತಿಯದೇ ಗುಣ, ಒಂದು ಕಂಪನಿಯದಲ್ಲ. ಆಫೀಸಿನಲ್ಲಿ ಯಾರಾದರೂ ಹೊಸಬರು "ಮೇಡಂ, ತಗೋಬಹುದಾ?" ಎಂದು ಕೇಳುತ್ತಲೇ ಇರುತ್ತಾರೆ. ಪ್ರತಿ ಸಲ ಅರ್ಧ ಅರ್ಧ ಹೇಳಿ ಬಿಡುತ್ತಿದ್ದೆ. ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ನಾವು ಯಾರು ಅಂತ ಹೇಳಬೇಕು. ಯಾಕೆಂದರೆ ಇಡೀ ವಿಮರ್ಶೆ ಅದರ ಮೇಲೇ ನಿಂತಿದೆ. ನಾವು ಮೈಸೂರಿನವರು. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಯಜಮಾನರು ಪಿಯು ಕಾಲೇಜಿನಲ್ಲಿ ಉಪನ್ಯಾಸಕರು. ಒಬ್ಬಳೇ ಮಗಳು, ಮೆಂಬರ್‌ಶಿಪ್ ತೆಗೆದುಕೊಂಡಾಗ ಏಳು ವರ್ಷದವಳು. ಜೊತೆಗೆ ಅತ್ತೆ ಇದ್ದಾರೆ.

ಪೆಟ್ರೋಲ್ ಬಂಕಿನಲ್ಲಿ ಒಂದು ಕೂಪನ್ ತುಂಬಿಸಿದ್ದೆವು. ವಾರದೊಳಗೆ ಫೋನು ಬಂತು. ನಿಮಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಒಂದೂವರೆ ಗಂಟೆ ಅಷ್ಟೇ ಎಂದರು. ಹೋಟೆಲಿನ ಹಾಲ್‌ನಲ್ಲಿ ಹತ್ತು ಹನ್ನೆರಡು ಮೇಜು. ಒಂದೊಂದು ಮೇಜಿಗೆ ಒಬ್ಬೊಬ್ಬ ಹುಡುಗ. ಯಾರಾದರೂ ಸಹಿ ಹಾಕಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮೇಜಿನ ಹುಡುಗ ತುಂಬಾ ಒಳ್ಳೆಯ ಮಾತುಗಾರ. ಮಗಳಿಗೆ ಬಲೂನು ಕೊಟ್ಟ. "ಹೋದ ಸಲ ನೀವೆಲ್ಲರೂ ಒಟ್ಟಿಗೆ ಯಾವಾಗ ಟ್ರಿಪ್ ಹೋಗಿದ್ರಿ ಸರ್?" ಎಂದು ಕೇಳಿದ. ಇಬ್ಬರಿಗೂ ನೆನಪಾಗಲಿಲ್ಲ. ಆ ಒಂದು ಪ್ರಶ್ನೆಗೇ ನಾವು ಸೋತೆವು. ಆಮೇಲೆ "ಇದು ಆಸ್ತಿ ಇದ್ದ ಹಾಗೆ ಮೇಡಂ, ಯಾವಾಗ ಬೇಕಾದ್ರೂ ಮಾರಬಹುದು, ಈ ರೇಟು ಇವತ್ತಿಗೆ ಮಾತ್ರ" ಎಂದ. ಸಂಜೆ ಆರಕ್ಕೆ ಹೋದವರು ಒಂಬತ್ತೂವರೆಗೆ ಸಹಿ ಹಾಕಿ ಎದ್ದೆವು.

ಇದು ಆಸ್ತಿಯಲ್ಲ. ಇದಕ್ಕೆ ಖಾತೆ ಇಲ್ಲ, ನೋಂದಣಿ ಇಲ್ಲ. ಅಮೆರಿಕದಲ್ಲಿ ಕ್ರಯಪತ್ರ ಮಾಡಿಕೊಡುವ ಟೈಮ್‌ಶೇರ್‌ಗಳೂ ಇವೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಉಳಿದುಕೊಳ್ಳುವ ಹಕ್ಕು ಮಾತ್ರ. ಅದೂ ಇಷ್ಟು ವರ್ಷಕ್ಕೆ ಅಂತ. ಅವಧಿ ಮುಗಿದ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಾನು ದಿನಾ ಸಾಲದ ಪತ್ರಗಳನ್ನು ನೋಡುವವಳು. ಆದರೂ ಆವತ್ತು ಒಪ್ಪಂದ ಓದಲಿಲ್ಲ. ಅದರ ಬಗ್ಗೆ ಇವತ್ತಿಗೂ ಬೇಜಾರಿದೆ.

ಈಗ ಹಣದ ಮಾತು. ಬೆಲೆ ತೆರಿಗೆ ಸೇರಿ 3,60,000 ರೂಪಾಯಿ. ಮೊದಲಿಗೆ 60,000 ಕಟ್ಟಿದೆವು. ಮಿಕ್ಕ 3 ಲಕ್ಷಕ್ಕೆ 48 ಕಂತು, ತಿಂಗಳಿಗೆ 8,200. ಕಂತೇ 3,93,600 ಆಯಿತು. ಒಟ್ಟು 4,53,600. ಬಡ್ಡಿ ಲೆಕ್ಕ ಹಾಕಿದರೆ ಶೇ. 14ರ ಹತ್ತಿರ ಬರುತ್ತದೆ. ಮೇಜಿನ ಮೇಲೆ ಅವರು ಬರೆದು ತೋರಿಸಿದ್ದು 8,200 ಎಂಬ ಅಂಕಿ ಮಾತ್ರ.

ಇದು ಒಂದು ಸಲದ ಖರ್ಚು. ಇದಕ್ಕಿಂತ ದೊಡ್ಡದು ವರ್ಷ ವರ್ಷ ಕಟ್ಟುವ ನಿರ್ವಹಣಾ ಶುಲ್ಕ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಕಟ್ಟದಿದ್ದರೆ ಬುಕಿಂಗ್ ಆಗುವುದಿಲ್ಲ, ಮೇಲೆ ಬಡ್ಡಿ ಬೀಳುತ್ತದೆ. ನಮ್ಮ ಮೊದಲ ವರ್ಷದ ಶುಲ್ಕ ತೆರಿಗೆ ಸೇರಿ 11,000. ಆಗ ಸೇವಾ ತೆರಿಗೆ ಶೇ. 12.36 ಇತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಅದು ಶೇ. 18 ಆಯಿತು. ತೆರಿಗೆ ಬಿಟ್ಟು ಮೂಲ ಶುಲ್ಕವೂ ಪ್ರತಿ ವರ್ಷ ಏರಿತು. 2024ರಲ್ಲಿ ಕಟ್ಟಿದ್ದು 23,800. ಹನ್ನೊಂದು ವರ್ಷಕ್ಕೆ ಒಟ್ಟು ಸುಮಾರು 1,83,000. ಏರಿಕೆ ವರ್ಷಕ್ಕೆ ಹತ್ತಿರ ಹತ್ತಿರ ಶೇ. 8. ಇದೇ ಓಟ ಮುಂದುವರಿದರೆ ಕೊನೆಯ ವರ್ಷದ ಶುಲ್ಕ 70,000ದ ಹತ್ತಿರ ಹೋಗುತ್ತದೆ. ಹೋಟೆಲ್ ರೇಟೂ ಏರುತ್ತದೆ, ನಿಜ. ಆದರೆ ಹೋಟೆಲ್ ಏರಿದರೆ ಹೋಗದೆ ಸುಮ್ಮನಿರಬಹುದು, ಅಲ್ವಾ?

ನಾವು ಉಳಿದಿದ್ದು 46 ರಾತ್ರಿ. ಸಿಗಬೇಕಾಗಿದ್ದು 77. ಮಿಕ್ಕ 31ರಲ್ಲಿ 17 ವಾಯಿದೆ ಮುಗಿದು ಹೋದವು. 14 ಇನ್ನೂ ಖಾತೆಯಲ್ಲಿವೆ. ಕೊಂಡ ಬೆಲೆಯನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 18,144. ಹನ್ನೊಂದು ವರ್ಷದ ಪಾಲು ಸುಮಾರು 2 ಲಕ್ಷ. ಅದಕ್ಕೆ ಶುಲ್ಕ ಸೇರಿಸಿದರೆ 3,83,000. 46ರಿಂದ ಭಾಗಿಸಿ: ರಾತ್ರಿಗೆ 8,300 ರೂಪಾಯಿ ಚಿಲ್ಲರೆ. ಊಟ ಇದರಲ್ಲಿ ಇಲ್ಲ. ಎಲ್ಲ 77 ರಾತ್ರಿ ಉಳಿದಿದ್ದರೆ 5,000ದ ಒಳಗೆ ಬರುತ್ತಿತ್ತು. ನಾಲ್ಕು ಜನಕ್ಕೆ ಹಾಲ್, ಬೆಡ್‌ರೂಮ್ ಇರುವ ಮನೆಗೆ ಅದು ಒಳ್ಳೆಯ ರೇಟು. ಅಂದರೆ ನಷ್ಟವಾಗಿದ್ದು ಬೆಲೆಯಿಂದಲ್ಲ, ಹೋಗಲಾಗದ ಆ 31 ರಾತ್ರಿಗಳಿಂದ.

ಯಾಕೆ ಹೋಗಲಾಗಲಿಲ್ಲ? ನನ್ನ ವಿಮರ್ಶೆಯ ಜೀವ ಇಲ್ಲಿದೆ.

ಟೈಮ್‌ಶೇರ್‌ನಲ್ಲಿ ವರ್ಷವನ್ನು ಸೀಸನ್ ಅಂತ ಬಣ್ಣ ಹಚ್ಚಿ ಹಂಚಿರುತ್ತಾರೆ. ಕೆಂಪು ಎಂದರೆ ಬೇಡಿಕೆ ಜಾಸ್ತಿ, ಬಿಳಿ ಎಂದರೆ ಮಧ್ಯಮ, ನೀಲಿ ಎಂದರೆ ಕಡಿಮೆ. ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ ಎಲ್ಲ ಮೇಲಿನ ಬಣ್ಣದವರಿಗೆ. ನಮ್ಮದು ಬಿಳಿ. ಕೆಳಗಿನ ಬಣ್ಣಕ್ಕೆ ಇಳಿಯಬಹುದು, ಮೇಲಕ್ಕೆ ಹತ್ತುವ ಹಾಗಿಲ್ಲ. ಈಗ ನಮ್ಮ ಮನೆಯ ರಜೆ ನೋಡಿ. ಮಾರ್ಚ್‌ನಲ್ಲಿ ಬ್ಯಾಂಕಿನ ವರ್ಷಾಂತ್ಯ, ನನಗೆ ಒಂದು ದಿನವೂ ಸಿಗುವುದಿಲ್ಲ. ಅದು ಮುಗಿಯುವ ಹೊತ್ತಿಗೆ ಇವರಿಗೆ ಮೌಲ್ಯಮಾಪನ. ಮಗಳಿಗೆ ರಜೆ ಏಪ್ರಿಲ್, ಮೇ ಮತ್ತು ಅಕ್ಟೋಬರ್. ಆ ದಿನಗಳಲ್ಲಿ ಕೊಡಗು, ಊಟಿ, ಮುನ್ನಾರ್ ಯಾವುದೂ ನಮ್ಮ ಬಣ್ಣಕ್ಕೆ ಸಿಗುವುದಿಲ್ಲ. ದಸರಾ ಸಮಯದಲ್ಲಿ ಸಿಕ್ಕಿದರೂ ಕಷ್ಟ. ಮೈಸೂರಿನವರ ಮನೆ ಆಗ ನೆಂಟರಿಂದ ತುಂಬಿರುತ್ತದೆ.

ಹಾಗಾಗಿ ನಮಗೆ ಉಳಿದಿದ್ದು ಜೂನ್‌ನಿಂದ ಸೆಪ್ಟೆಂಬರ್. ಶನಿವಾರ ಭಾನುವಾರದ ಜೊತೆಗೆ ಒಂದು ಸರ್ಕಾರಿ ರಜೆ ಅಂಟಿಕೊಂಡರೆ ಮೂರು ದಿನ. ಅಂಥ ದಿನಕ್ಕೆ ಎಲ್ಲರೂ ಕಾದಿರುತ್ತಾರೆ. ಬುಕಿಂಗ್ ತೆರೆಯುವ ದಿನ ಬೆಳಗ್ಗೆ ಮೊಬೈಲ್ ಹಿಡಿದು ಕೂರಬೇಕು. ಸ್ವಲ್ಪ ತಡವಾದರೂ ಮಡಿಕೇರಿ ಹೋಗಿರುತ್ತದೆ. ಸಿಗುವುದು ನಮ್ಮ ಊರಿಂದ ಒಂದು ದಿನದ ಪ್ರಯಾಣದ ಜಾಗ. ಮೂರು ದಿನದ ರಜೆಯಲ್ಲಿ ಎರಡು ದಿನ ರಸ್ತೆಯಲ್ಲೇ ಕಳೆಯುತ್ತದೆ.

2018ರ ಆಗಸ್ಟ್‌ಗೆ ಮುನ್ನಾರ್ ಬುಕ್ ಮಾಡಿದ್ದೆವು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಆ ವರ್ಷ ಅರಳಬೇಕಿತ್ತು. ಮಗಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅದೇ ತಿಂಗಳು ಕೇರಳದಲ್ಲಿ ಪ್ರವಾಹ ಬಂತು, ಕೊಡಗಿನಲ್ಲಿ ಗುಡ್ಡ ಕುಸಿಯಿತು. ಹೋಗಲಿಲ್ಲ. ರಾತ್ರಿಗಳನ್ನು ಖಾತೆಗೆ ವಾಪಸ್ ಹಾಕಿದರು, ಅದಕ್ಕೆ ಜಗಳವೇ ಆಗಲಿಲ್ಲ. ಆದರೆ 2020ರಲ್ಲಿ ಇಡೀ ದೇಶ ಬಾಗಿಲು ಹಾಕಿಕೊಂಡಿದ್ದಾಗಲೂ ಶುಲ್ಕದ ಬಿಲ್ ಬಂತು. ಇವರ ಸಂಬಳ ತಡವಾಗುತ್ತಿದ್ದ ಕಾಲ ಅದು. ಕಟ್ಟುವಾಗ ಹೊಟ್ಟೆ ಉರಿದಿತ್ತು. ಆಮೇಲಿನ ಎರಡು ವರ್ಷ ಎಸ್‌ಎಸ್‌ಎಲ್‌ಸಿ, ಈಗ ಪಿಯುಸಿ ಮತ್ತು ಸಿಇಟಿ. ಮಕ್ಕಳು ದೊಡ್ಡವರಾದಂತೆ ರಜೆ ಕಡಿಮೆಯಾಗುತ್ತದೆ ಎಂದು ಏಳು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಹೊಳೆಯಲಿಲ್ಲ.

ಒಳ್ಳೆಯದನ್ನೂ ಹೇಳಲೇಬೇಕು. ಉಳಿದ 46 ರಾತ್ರಿಗಳಲ್ಲಿ ಕೆಟ್ಟದ್ದು ಎನ್ನುವಂಥದ್ದು ಒಂದೂ ಇಲ್ಲ. ಕೋಣೆ ಸ್ವಚ್ಛವಾಗಿತ್ತು, ಸಿಬ್ಬಂದಿ ಮರ್ಯಾದೆಯಿಂದ ನಡೆದುಕೊಂಡರು. ಮಕ್ಕಳಿಗೆ ಆಟಕ್ಕೆ ಜಾಗ ಇತ್ತು. 2016ರಲ್ಲಿ ಮುನ್ನಾರ್‌ಗೆ ಅತ್ತೆಯನ್ನು ಕರೆದುಕೊಂಡು ಹೋದೆವು. ಅವರು ಮದುವೆಯಾಗಿ ಬಂದ ಮೇಲೆ ದೇವಸ್ಥಾನ ಬಿಟ್ಟು ಬೇರೆ ಊರಿಗೆ ಸುಮ್ನೆ ಅಂತ ಹೋದವರಲ್ಲ. ಬೆಳಗ್ಗೆ ಟೀ ತೋಟದ ಮೇಲೆ ಮಂಜು ಏಳುವುದನ್ನು ನೋಡುತ್ತ ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತಿದ್ದರು. ನಾನು ಕಾಫಿ ತಂದುಕೊಟ್ಟರೆ, "ಯಾರೂ ಏನೂ ಕೇಳ್ತಿಲ್ಲ ನೋಡೇ ನನ್ನ" ಎಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ಮೆಂಬರ್‌ಶಿಪ್ ಇಲ್ಲದಿದ್ದರೆ ಆ ಟ್ರಿಪ್‌ಗೆ ನಾವು ದುಡ್ಡು ಬಿಚ್ಚುತ್ತಿರಲಿಲ್ಲ. ಮೊದಲೇ ಕಟ್ಟಿದ ದುಡ್ಡು ನಮ್ಮನ್ನು ಮನೆಯಿಂದ ಹೊರಡಿಸಿತು. ಇದನ್ನು ಯಾವ ಲೆಕ್ಕದಲ್ಲೂ ಬರೆಯಲಾಗುವುದಿಲ್ಲ.

ಊಟದ ಖರ್ಚನ್ನು ಮಾತ್ರ ಮೊದಲೇ ಯೋಚಿಸಿ. ರಿಸಾರ್ಟ್‌ಗಳು ಊರಿಂದ ದೂರ ಇರುತ್ತವೆ. ರಾತ್ರಿ ಬೇರೆಲ್ಲೂ ಹೋಗಲಾಗುವುದಿಲ್ಲ, ಅಲ್ಲೇ ಊಟ. ನಾಲ್ಕು ಜನ ಒಂದು ಹೊತ್ತು ಬಫೆ ತಿಂದರೆ ಮೂರು ಸಾವಿರ ದಾಟುತ್ತದೆ. ನಾವು ಒಗ್ಗರಣೆ ಹಾಕಿದ ಅವಲಕ್ಕಿ, ಚಪಾತಿ, ಚಟ್ನಿಪುಡಿ ಡಬ್ಬಿ ಕಟ್ಟಿಕೊಂಡೇ ಹೋಗುತ್ತೇವೆ. ಅಡುಗೆಮನೆ ಇದೆ ಎಂದು ಹೇಳಿದ್ದರು. ಇರುವುದು ಕೆಟಲ್, ಮೈಕ್ರೋವೇವ್, ನಾಲ್ಕು ತಟ್ಟೆ.

ವಿದೇಶದ ರಿಸಾರ್ಟ್‌ಗಳ ಜೊತೆ ಅದಲು ಬದಲು ಮಾಡಿಕೊಳ್ಳಬಹುದು ಎಂಬುದು ಇನ್ನೊಂದು ಆಕರ್ಷಣೆ. ಅದಕ್ಕೆ ಬೇರೆ ಶುಲ್ಕ, ಬೇರೆ ಕಾಯುವಿಕೆ. ನಾವು ಒಮ್ಮೆಯೂ ಬಳಸಲಿಲ್ಲ.

2023ರಲ್ಲಿ ಮಾರಲು ನೋಡಿದೆವು. ಆಗ ತಿಳಿಯಿತು, ಹೊಸದಕ್ಕೆ ಮಾರುವವರು ಎಷ್ಟೋ ಜನ, ಹಳೆಯದಕ್ಕೆ ಕೊಳ್ಳುವವರು ಕಡಿಮೆ. ಬಂದ ಒಬ್ಬರು ನಾವು ಕೊಟ್ಟಿದ್ದರ ಕಾಲು ಭಾಗಕ್ಕೆ ಕೇಳಿದರು. ವರ್ಗಾವಣೆ ಶುಲ್ಕ ಬೇರೆ. ಜಾಹೀರಾತು ಹಾಕಿದ ಮೇಲೆ ಯಾರ್ಯಾರೋ ಫೋನ್ ಮಾಡಲು ಶುರು ಮಾಡಿದರು. "ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ರೆಡಿ ಇದಾರೆ, ಫೈಲ್ ಮಾಡೋಕೆ ಮೊದಲು 15,000 ಹಾಕಿ" ಎನ್ನುತ್ತಾರೆ. ದಯವಿಟ್ಟು ಹಾಕಬೇಡಿ. ನಿಜವಾದ ಗಿರಾಕಿ ನಿಮಗೆ ದುಡ್ಡು ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹೀಗೆ ಹಣ ಕಳೆದುಕೊಂಡರು.

ಈಗಷ್ಟೇ ಸಹಿ ಹಾಕಿ ಬಂದು ಮನಸ್ಸು ಅಳುಕುತ್ತಿದ್ದರೆ ಇವತ್ತು ರಾತ್ರಿಯೇ ಒಪ್ಪಂದ ತೆಗೆದು ರದ್ದತಿಯ ಷರತ್ತು ಓದಿ. ನಮ್ಮದರಲ್ಲಿ ಹತ್ತು ದಿನದ ಅವಕಾಶ ಇತ್ತು. ಗೊತ್ತಾಗುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2008ರ ನಿಯಮದ ಪ್ರಕಾರ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು, ಆ ದಿನಗಳಲ್ಲಿ ಮುಂಗಡ ತೆಗೆದುಕೊಳ್ಳುವುದೂ ತಪ್ಪು. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಅಂಥ ಕಾನೂನು ಇಲ್ಲ, ಒಪ್ಪಂದದಲ್ಲಿ ಬರೆದಿದ್ದೇ ಆಧಾರ. ರದ್ದು ಮಾಡುವುದಾದರೆ ಇಮೇಲ್‌ನಲ್ಲಿ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕಂಪನಿ ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.

ಹಾಗಾದರೆ ಕೊಳ್ಳಬಹುದಾ? ಇವತ್ತು ಹೊಸದಾಗಿ ಕೊಳ್ಳಬೇಡಿ ಎಂಬುದು ನನ್ನ ಉತ್ತರ. ಲೆಕ್ಕ ಸುಲಭ. ನಾಲ್ಕೂವರೆ ಲಕ್ಷವನ್ನು ಶೇ. 7ಕ್ಕೆ ಠೇವಣಿ ಇಟ್ಟರೆ ವರ್ಷಕ್ಕೆ 31,500 ಬಡ್ಡಿ. ಅದಕ್ಕೆ ನೀವು ಕಟ್ಟಬೇಕಾಗಿದ್ದ 23,800 ಸೇರಿಸಿ. ವರ್ಷಕ್ಕೆ 55,000 ಆಯಿತು. ಬಡ್ಡಿಗೆ ತೆರಿಗೆ ಹೋದರೂ ಏಳು ರಾತ್ರಿಗೆ, ರಾತ್ರಿಗೆ ಏಳು ಸಾವಿರದ ಸುತ್ತ ಸಿಗುತ್ತದೆ. ಯಾವ ಊರು, ಯಾವ ತಿಂಗಳು ಎಂಬುದು ನಿಮ್ಮ ಇಷ್ಟ. ಅಸಲು ಬ್ಯಾಂಕಿನಲ್ಲೇ ಇರುತ್ತದೆ. 2023ರಲ್ಲಿ ನಾವು ಕೊಡಗಿನ ಹೋಂಸ್ಟೇ ಒಂದರಲ್ಲಿ ಉಳಿದೆವು. ತಿಂಡಿ ಸೇರಿ ಕೋಣೆಗೆ 2,800. ಮಳೆಗಾಲ. ಬಿಸಿ ಅಕ್ಕಿರೊಟ್ಟಿ, ಕಡಂಬುಟ್ಟು, ಕಣಿಲೆ ಪಲ್ಯ. ಮನೆಯವರೇ ಪಕ್ಕ ಕೂತು ಬಡಿಸಿದರು. ಬುಕ್ ಮಾಡಿದ್ದು ಹಿಂದಿನ ಗುರುವಾರ. ಮಡಿಕೇರಿಯ ರಾಜಾಸೀಟಿನ ಪಕ್ಕದಲ್ಲೇ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಹೋಟೆಲ್ ಕೂಡ ಇದೆ.

ಒಂದು ರೀತಿಯ ಜನಕ್ಕೆ ಮಾತ್ರ ಬೇರೆ ಉತ್ತರ. ನಮ್ಮ ನಾದಿನಿ ಮತ್ತು ಅವರ ಯಜಮಾನರು ಇಬ್ಬರೂ ನಿವೃತ್ತರು. ಹಳೆಯ ಮೆಂಬರ್‌ಶಿಪ್ ಒಂದನ್ನು ಕಡಿಮೆ ಬೆಲೆಗೆ ಕೊಂಡು ಹೆಸರು ಬದಲಿಸಿಕೊಂಡರು. ಮಂಗಳವಾರ ಹೋಗಿ ಶುಕ್ರವಾರ ಬರುತ್ತಾರೆ. ಕೇಳಿದ ರಿಸಾರ್ಟ್ ಸಿಗುತ್ತದೆ, ಒಂದು ರಾತ್ರಿಯೂ ವ್ಯರ್ಥವಾಗಿಲ್ಲ. ಅವರ ದಿನಗಳು ಅವರ ಕೈಯಲ್ಲಿವೆ.

ಈಗಾಗಲೇ ಕೊಂಡಿರುವವರ ಲೆಕ್ಕ ಬೇರೆ. ಕಟ್ಟಿದ ನಾಲ್ಕೂವರೆ ಲಕ್ಷ ಇಟ್ಟುಕೊಂಡರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಈಗ ನೋಡಬೇಕಾಗಿದ್ದು ಮುಂದಿನ ಶುಲ್ಕ ಮಾತ್ರ. 23,800ಕ್ಕೆ ಏಳು ರಾತ್ರಿ ಉಳಿದರೆ ರಾತ್ರಿಗೆ 3,400, ಐದು ಉಳಿದರೆ 4,760. ಅಷ್ಟಕ್ಕೆ ಅಂಥ ಮನೆ ಹೊರಗೆ ಸಿಗುವುದು ಕಷ್ಟ. ಮೂರಕ್ಕೆ ಇಳಿದರೆ ಬಿಟ್ಟುಬಿಡುವುದು ವಾಸಿ. ನಮ್ಮ ಯಜಮಾನರು 2031ರಲ್ಲಿ ನಿವೃತ್ತರಾಗುತ್ತಾರೆ. ಅಲ್ಲಿಯವರೆಗೆ ವರ್ಷಕ್ಕೆ ಐದು ರಾತ್ರಿ ತಪ್ಪದೆ ಹೋಗುವುದು, ಆಗದ ವರ್ಷ ಬಂದದ್ದಕ್ಕೆ ಮಾರಿಬಿಡುವುದು ಎಂದು ಇಬ್ಬರೂ ಕೂತು ನಿರ್ಧಾರ ಮಾಡಿದ್ದೇವೆ.

ಈ ವರ್ಷದ ಶುಲ್ಕ ಕಟ್ಟಿಯಾಗಿದೆ. ಸಿಇಟಿ ಮುಗಿದ ಮೇಲೆ, ಜೂನ್‌ನಲ್ಲಿ ಮುನ್ನಾರ್‌ಗೆ ನಾಲ್ಕು ರಾತ್ರಿ ಬುಕ್ ಮಾಡಿದ್ದೇನೆ. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿದೆ. ನೆಲಮಹಡಿಯ ಮನೆಯೇ ಬೇಕು, ಬಾಲ್ಕನಿ ಟೀ ತೋಟದ ಕಡೆಗೇ ಇರಬೇಕು ಎಂದು ಬರೆದು ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.